ಚುಕ್ಕಾಣಿಯ ಮುಂದಿನ ಎರಡು ಗೇಜುಗಳು

"ವಾರೆ ಮಾಡ್ರಿ, ಸ್ವಲ್ಪ ವಾರೆ! ಕಾಲಿನ ಕಡೆ ಮೇಲೆತ್ತಿ!" ಎಂದು ಬೋಟ್ ಮೇಸ್ತ್ರಿ ಕೂಗಿದ.

ಶವಪೆಟ್ಟಿಗೆ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡು ಅತ್ತ ಹೋಗದೆ ಇತ್ತ ಬಾರದೆ ನಿಂತಿತ್ತು. ಮೊದಲು ಲಿಫ್ಟಿನಲ್ಲಿ ಇಳಿಸಲು ನೋಡಿ ಸೋತಾಗಿತ್ತು. ಸತ್ತವನು ಜೀವಮಾನವೆಲ್ಲ ಲಿಫ್ಟ್ ರಿಪೇರಿ ಮಾಡಿ ಬದುಕಿದವನು. ಈ ಕಟ್ಟಡದ ಲಿಫ್ಟನ್ನಂತೂ ಹೆತ್ತ ಮಗುವಿನ ಹಾಗೆ ನೋಡಿಕೊಂಡಿದ್ದ. ಆದರೆ ಆಳು ಭಾರಿ ಎತ್ತರ, ಪೆಟ್ಟಿಗೆಯೂ ಅಷ್ಟೇ ಉದ್ದ. ಅಷ್ಟೆಲ್ಲ ಸೇವೆ ಮಾಡಿಸಿಕೊಂಡ ಲಿಫ್ಟು ಕೊನೆಯ ದಿನ ಕೈಕೊಟ್ಟಿತು.

"ಅವನೇ ಇದ್ದಿದ್ರೆ ಎರಡು ಸ್ಕ್ರೂ ಬಿಚ್ಚಿ ಹೇಗೋ ತೂರಿಸಿಬಿಡ್ತಿದ್ದ," ಎಂದ ಮೇಸ್ತ್ರಿ, ಏದುಸಿರು ಬಿಡುತ್ತ. ಹೊತ್ತವರಲ್ಲಿ ಒಬ್ಬ ನಕ್ಕುಬಿಟ್ಟು, ಮೇಲೆ ನಿಂತಿದ್ದ ಸತ್ತವನ ಹೆಂಡತಿಯ ಮುಖ ಕಂಡು ನಾಲಿಗೆ ಕಚ್ಚಿಕೊಂಡ.

ಅವಳಿಗೆ ಬೇಸರವೇನೂ ಆಗಲಿಲ್ಲ. ನಗಲಿ ಪಾಪ, ನಗುವಂಥದ್ದೇ. ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದವಳಿಗೆ ಅಳು ಬರುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು. ಸತ್ತವರ ಮೇಲೆ ಸಿಟ್ಟು ಮಾಡಬಾರದು ಎಂದು ಮನಸ್ಸಿಗೆ ಎಷ್ಟು ಬುದ್ಧಿ ಹೇಳಿದರೂ ಅದು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಸಾಯುವ ಮೊದಲು ಅವನು ಅವಳನ್ನು ತನ್ನ ಹಾಯಿದೋಣಿಯಿಂದ ಇಳಿಸಿಬಿಟ್ಟಿದ್ದ. ಯಾಕೆ ಇಳಿಸಿದ ಎಂದು ಇನ್ನು ಯಾರನ್ನು ಕೇಳುವುದು?

"ಅಮ್ಮ, ಸಂಜೆ ಬೂದಿ ಬಿಡೋದಕ್ಕೆ ಅಪ್ಪನ ದೋಣಿಯಲ್ಲೇ ಹೋಗೋಣ," ಎಂದಳು ಮಗಳು ಕಾರಿನಲ್ಲಿ. "ಮೇಸ್ತ್ರಿ ನಡೆಸ್ತಾರಂತೆ."

"ನೀವು ಹೋಗಿ ಬನ್ನಿ. ನಾನು ದಡದಲ್ಲೇ ಇರ್ತೀನಿ."

ಮಗಳು ಪಕ್ಕದಲ್ಲಿದ್ದ ಸೋದರತ್ತೆಯ ಮುಖ ನೋಡಿದಳು. ಸತ್ತವನ ತಂಗಿ ಏನೋ ಹೇಳಲು ಹೊರಟವಳು ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡಳು.

*

ಆ ಹಾಯಿದೋಣಿ ಅವರ ಮದುವೆಗಿಂತ ಹಳೆಯದು. ಯಾರೋ ಬೇಡವೆಂದು ಬಿಟ್ಟದ್ದನ್ನು ಅವನು ತಂದು, ಹಲಗೆ ಹಲಗೆಯಾಗಿ ಬದುಕಿಸಿದ್ದ. ಹಗಲೆಲ್ಲ ಲಿಫ್ಟಿನ ಕತ್ತಲೆಯ ಬಾವಿಗಳಲ್ಲಿ ನೇತಾಡುವವನಿಗೆ ರಜೆಯ ದಿನ ತಲೆಯ ಮೇಲೆ ಆಕಾಶ ಬೇಕಾಗುತ್ತಿತ್ತು. ಗಾಳಿ ಇದ್ದಾಗ ಹಾಯಿ. ಬಂದರಿನ ಒಳಗೆ ಹೊರಗೆ ಮಾಡುವಾಗ ಡೀಸೆಲ್ ಎಂಜಿನ್ನೇ ಗತಿ. ಆ ಎಂಜಿನ್ನಿನ ಬಿಸಿ ತೋರಿಸಲು ಒಂದು ಗೇಜು, ಎಣ್ಣೆಯ ಒತ್ತಡಕ್ಕೆ ಇನ್ನೊಂದು. ದೋಣಿ ಕಟ್ಟಿದ ಮಹಾನುಭಾವ ಎರಡನ್ನೂ ಚುಕ್ಕಾಣಿ ಹಿಡಿದವನ ಹಿಮ್ಮಡಿಯ ಹತ್ತಿರ, ಪಕ್ಕದ ಹಲಗೆಯಲ್ಲಿ ಕೂರಿಸಿದ್ದ. ಬಗ್ಗಿ ಮುಳ್ಳು ನೋಡಿ ತಲೆ ಎತ್ತುವಷ್ಟರಲ್ಲಿ ಎದುರಿನ ದೋಣಿ ಮೂಗಿಗೇ ಬಂದಿರುತ್ತಿತ್ತು.

ಹಾಗಾಗಿ ಅದು ಅವಳ ಕೆಲಸವಾಯಿತು. ಅವನು ಚುಕ್ಕಾಣಿಯ ಚಕ್ರ ಹಿಡಿದು ನಿಲ್ಲುತ್ತಿದ್ದ, ಅವಳು ಎದುರಿನ ಬೆಂಚಿನಲ್ಲಿ ಕೂತು ಆಗಾಗ ಬಗ್ಗುತ್ತಿದ್ದಳು.

"ಹೇಗಿದೆ?"

"ಬಿಸಿ ಸರಿಯಿದೆ. ಎಣ್ಣೆ ಸರಿಯಿದೆ."

ಮನೆಯಲ್ಲಿ ಅವನ ಬಾಯಿಂದ ಒಂದು ಮಾತು ಹೊರಡಿಸಬೇಕಾದರೆ ಹರಸಾಹಸ. ನೀರಿನ ಮೇಲೆ ಮಾತ್ರ ಘಳಿಗೆಗೊಮ್ಮೆ ಅವನು ಅವಳನ್ನು ಕೇಳಲೇಬೇಕಿತ್ತು, ಅವಳು ಹೇಳಲೇಬೇಕಿತ್ತು. ಅದು ಅವಳಿಗೆ ಎಷ್ಟು ಇಷ್ಟವಾಗಿತ್ತೆಂದು ಅವಳು ಯಾವತ್ತೂ ಬಾಯಿಬಿಟ್ಟು ಹೇಳಲಿಲ್ಲ. ಮಂಡಿ ಹಿಡಿದುಕೊಳ್ಳಲು ಶುರುವಾದ ಮೇಲೂ "ಅಯ್ಯಮ್ಮಾ" ಎನ್ನುತ್ತಲೇ ಬಗ್ಗಿದಳು.

ಕೆಲವು ತಿಂಗಳ ಹಿಂದೆ ಒಂದು ದಿನ ಊಟದ ಡಬ್ಬಿ ಹಿಡಿದು ಬಂದರಿಗೆ ಹೋದರೆ, ಹಳೆಯ ಗೇಜುಗಳ ಜಾಗದಲ್ಲಿ ಹೊಸ ಹಲಗೆಯ ತೇಪೆ. ಅವನು ಚಕ್ರದ ಎದುರಿಗಿದ್ದ ದೋಣಿಯ ಪುಟ್ಟ ಕೋಣೆಯ ಗೋಡೆಯಲ್ಲಿ ದುಂಡಗೆ ತೂತು ಕೊರೆಯುತ್ತಿದ್ದ.

"ಏನ್ರೀ ಇದು?"

"ಗೇಜು ಇಲ್ಲಿಗೆ ತರ್ತೀನಿ. ನಿಂತಲ್ಲಿಂದಲೇ ಕಾಣುತ್ತೆ."

"ಇಷ್ಟು ವರ್ಷ ನಾನು ನೋಡಿ ಹೇಳ್ಲಿಲ್ವಾ?"

"ಇನ್ಮೇಲೆ ನೀನು ಬಗ್ಗೋದು ಬೇಡ."

"ಅಂದ್ರೆ ನಾನೇ ಬೇಡ ಅನ್ನಿ."

"ಹಾಗಲ್ಲ..." ಎಂದು ಅವನು ಬಾಯಿ ತೆರೆದ. ಮುಂದೇನೋ ಇತ್ತು, ಅವಳು ಕಾದಳು. ಅವನು ಬಾಯಿ ಮುಚ್ಚಿ ಡ್ರಿಲ್ ಒತ್ತಿದ. ಅವಳು ಡಬ್ಬಿಯನ್ನು ಬೆಂಚಿನ ಮೇಲೆ ಇಟ್ಟು ಇಳಿದು ಬಂದವಳು ಮತ್ತೆ ಆ ದೋಣಿ ಹತ್ತಲಿಲ್ಲ. ಹಟ ಹಿಡಿದರೆ ಅವಳದ್ದೂ ಸಾಮಾನ್ಯದ ಹಟವಲ್ಲ.

ಸಾಯುವ ಎರಡು ದಿನ ಮೊದಲು ಅವನು ಊಟದ ತಟ್ಟೆಯ ಮುಂದೆ ಕೂತು, "ಕೆಲಸ ಮುಗೀತು. ಒಂದ್ಸಲ ಬಂದು ನಿಂತು ನೋಡು," ಎಂದಿದ್ದ. ಅವನ ಮಟ್ಟಿಗೆ ಅದು ಕಾಲು ಹಿಡಿದ ಹಾಗೆಯೇ.

"ನಿಮ್ಮ ಗೇಜು, ನೀವೇ ನೋಡ್ಕೊಳ್ಳಿ," ಎಂದಿದ್ದಳು ಅವಳು.

*

ಸಂಜೆ ಬೂದಿಯ ಡಬ್ಬಿ ಹಿಡಿದು ಮಗಳು ದೋಣಿ ಹತ್ತಿದಳು, ಹಿಂದೆಯೇ ನಾದಿನಿ. ಹೆಂಡತಿ ದಡದಲ್ಲೇ ನಿಂತಳು. ಮೇಸ್ತ್ರಿ ಎಂಜಿನ್ ಶುರು ಮಾಡಿ ಚಕ್ರ ಹಿಡಿದ. ಅವನೂ ಸತ್ತವನಷ್ಟೇ ಎತ್ತರದವನು. ಮುಂದೆ ನೋಡಿದ; ಆಮೇಲೆ ಬೆನ್ನು ಬಗ್ಗಿಸಿ, ಕತ್ತು ಒಳಗೆಳೆದುಕೊಂಡು ಗೋಡೆಯ ಕಡೆ ಇಣುಕಿದ. ಮತ್ತೆ ನೆಟ್ಟಗಾದ, ಮತ್ತೆ ಬಗ್ಗಿದ.

ಅವಳಿಗೆ ತಡೆಯಲಾಗಲಿಲ್ಲ. "ಅದೇನು ಹಾಗೆ ಕುಣೀತಿದೀರಾ?"

"ಗೇಜು ನೋಡ್ಬೇಕಲ್ಲ ಅಕ್ಕ! ನೆಟ್ಟಗೆ ನಿಂತ್ರೆ ಕೋಣೆಯ ಮೇಲಿಂದ ಇತ್ತ ಚಾಚಿರೋ ಈ ಟಾರ್ಪಾಲು ಅಡ್ಡ ಬರುತ್ತೆ. ವೈರು ಎಳೆದುಕೊಟ್ಟೋನು ನಾನೇ. ಆವತ್ತೇ ಬಡ್ಕೊಂಡೆ, ಇನ್ನೂ ಮೇಲೆ ಹಾಕೋ, ನಿನಗೇ ಕಾಣಲ್ಲ ಅಂತ. ಕೇಳಿದ್ರೆ ತಾನೆ?"

"ಅವರಿಗೇ ಕಾಣದ ಕಡೆ ಯಾಕೆ ಹಾಕಿದ್ರು?"

ಉತ್ತರ ಬಂದದ್ದು ಬೆಂಚಿನ ಮೂಲೆಯಿಂದ.

"ನಿಂಗೋಸ್ಕರ ಹಾಕಿದ್ದು ಅತ್ತಿಗೆ," ಎಂದಳು ನಾದಿನಿ. ಬೆಳಗಿನಿಂದ ತಡೆದಿಟ್ಟದ್ದೆಲ್ಲ ಒಮ್ಮೆಗೇ ಹೊರಬಂತು. "ನನ್ನನ್ನ ಚಕ್ರದ ಹಿಂದೆ ನಿಲ್ಲಿಸಿ ಗುರುತು ಹಾಕ್ಕೊಂಡ. ನಿಮ್ಮಿಬ್ರದ್ದೂ ಒಂದೇ ಎತ್ತರ, ಅವಳನ್ನ ಕರೆದ್ರೆ ಯಾಕೆ ಅಂತ ಕೇಳ್ತಾಳೆ, ನೀನೇ ನಿಂತ್ಕೋ ಅಂದ. ಅವನ ಹೃದಯ ಹೆಚ್ಚು ದಿನ ತಡೆಯಲ್ಲ ಅಂತ ಡಾಕ್ಟರು ಹೇಳಿದ್ದು ನನ್ನೊಬ್ಬಳಿಗೇ ಗೊತ್ತಿತ್ತು. ಬಾಯಿಬಿಟ್ರೆ ನೋಡು ಅಂದಿದ್ದ."

"ಏನಂದ್ರು ಇನ್ನೂ?"

"ಮುಂದೆ ಅವಳೊಬ್ಬಳೇ ಚಕ್ರ ಹಿಡೀಬೇಕಾಗುತ್ತೆ. ಪಕ್ಕದಲ್ಲಿ ಕೂತು ಬಗ್ಗಿ ನೋಡಿ ಹೇಳೋಕೆ ಅವಳಿಗೆ ಯಾರೂ ಇರಲ್ಲ ಅಂದ."

"ನನ್ನ ಹತ್ರ ಹೇಳೋಕೆ ಬಾಯಿರಲಿಲ್ವಾ ಅವರಿಗೆ!"

"ಇದನ್ನ ಹೇಳ್ಬೇಕಂದ್ರೆ ಡಾಕ್ಟರು ಹೇಳಿದ್ದನ್ನೂ ಹೇಳ್ಬೇಕಿತ್ತಲ್ಲ ಅತ್ತಿಗೆ."

ದೋಣಿಯ ಹಗ್ಗ ಕಿರುಗುಟ್ಟಿತು. ಅವಳು ದಡದ ಕಲ್ಲಿನ ಮೇಲೆ ಕೂತಳು. ಅಷ್ಟು ಹೊತ್ತಿನವರೆಗೂ ಬಾರದ ಅಳು ಈಗ ನಾಚಿಕೆ ಬಿಟ್ಟು ಬಂತು. ಅವನಿಗಾಗಿ ಬಂತು, ಊಟದ ತಟ್ಟೆಯ ಮುಂದೆ ತಾನು ಆಡಿದ ಮಾತಿಗಾಗಿ ಬಂತು. ಮಗಳು ಇಳಿದು ಬಂದು ಅಪ್ಪಿಕೊಂಡಳು. ಮೇಸ್ತ್ರಿ ಎಂಜಿನ್ನಿನ ಸದ್ದು ತಗ್ಗಿಸಿ, ನೀರಿನ ಕಡೆ ತಿರುಗಿ ನಿಂತ.

ಅತ್ತು ಮುಗಿದ ಮೇಲೆ ಅವಳು ಮುಖ ಒರೆಸಿಕೊಂಡು, ಮಗಳ ಕೈ ಹಿಡಿದು ದೋಣಿ ಹತ್ತಿದಳು.

"ಬಿಡಿ ಇತ್ಲಾಗೆ," ಎಂದಳು ಮೇಸ್ತ್ರಿಗೆ. ಅವನು ಚಕ್ರ ಬಿಟ್ಟುಕೊಟ್ಟ. ಗಂಡ ಹಾಯಿ ಏರಿಸುವಾಗ, ಇಳಿಸುವಾಗ ಎಷ್ಟೋ ಸಲ ಅದು ಅವಳ ಕೈಯಲ್ಲಿ ಇದ್ದದ್ದೇ. ಹಗ್ಗ ಬಿಚ್ಚಿದರು. ದೋಣಿ ದಡ ಬಿಟ್ಟು ಉಳಿದ ದೋಣಿಗಳ ಸಾಲಿನ ನಡುವೆ ಮೆಲ್ಲಗೆ ಹೊರಟಿತು.

ಅವಳು ಎದುರಿನ ಗೋಡೆಯನ್ನು ನೋಡಿದಳು. ಟಾರ್ಪಾಲು ಅಡ್ಡವಿರಲಿಲ್ಲ. ಗೇಜುಗಳ ಹಿತ್ತಾಳೆಯ ಅಂಚನ್ನು ಅವನು ಉಜ್ಜಿ ಹೊಳೆಯಿಸಿದ್ದ. ಆದರೆ ಚಕ್ರದ ಮೇಲಂಚು ಸರಿಯಾಗಿ ಎರಡೂ ಮುಳ್ಳುಗಳ ಮೇಲೆ ಅಡ್ಡ ಕೂತಿತ್ತು. ನಾದಿನಿ ಅವಳಿಗಿಂತ ಎಷ್ಟೋ ಚಿಕ್ಕವಳು. ಒಂದು ಕಾಲಕ್ಕೆ ಇಬ್ಬರೂ ಸರಿಸಮ ಎತ್ತರ ಇದ್ದದ್ದು ನಿಜ, ಒಬ್ಬರ ಬಟ್ಟೆ ಇನ್ನೊಬ್ಬರು ತೊಡುತ್ತಿದ್ದದ್ದೂ ನಿಜ. ಈಚಿನ ವರ್ಷಗಳಲ್ಲಿ ಅವಳ ಬೆನ್ನು ಬಾಗಿತ್ತು, ಮೈ ಕುಗ್ಗಿತ್ತು. ಮಗಳಿಗೆ ಗೊತ್ತಿತ್ತು, ನೆರೆಯವರಿಗೆ ಗೊತ್ತಿತ್ತು. ದಿನಾ ಎದುರಿಗೇ ಕೂತು ಉಂಡವನಿಗೆ ಅದು ಕಂಡೇ ಇರಲಿಲ್ಲ.

"ಕಾಣುತ್ತಾ ಅತ್ತಿಗೆ?" ನಾದಿನಿ ಹೆದರುತ್ತಲೇ ಕೇಳಿದಳು. "ಅಳತೆ ಸರಿಯಿದೆಯಾ?"

"ಸರಿಯಿದೆ," ಎಂದಳು ಅವಳು.

ಸ್ವಲ್ಪ ಬಗ್ಗಿದ್ದರೆ ಚಕ್ರದ ಮೇಲಂಚಿನ ಕೆಳಗಿನಿಂದ ಮುಳ್ಳು ಕಾಣುತ್ತಿತ್ತು. ಅವಳು ಬಗ್ಗಲಿಲ್ಲ. ಎರಡೂ ಕೈಯಲ್ಲಿ ಚಕ್ರ ಬಿಗಿಹಿಡಿದು, ನೋಯುವ ಮಂಡಿಗಳನ್ನು ನೆಟ್ಟಗೆ ಮಾಡಿ, ಹಿಮ್ಮಡಿ ಎತ್ತಿ, ಅವನು ಅಳೆದಿಟ್ಟ ಎತ್ತರಕ್ಕೆ ತುದಿಗಾಲಿನ ಮೇಲೆ ನಿಂತಳು; ಬಂದರಿನ ಬಾಯಿ ದಾಟುವವರೆಗೂ ಹಿಮ್ಮಡಿ ಇಳಿಸಲಿಲ್ಲ.