ನಡುಹೊಳೆಯಲ್ಲಿ ಗೋಡೆ ಇಲ್ಲ

ದೇಶನೂರಿನಲ್ಲಿ ನನ್ನಷ್ಟು ದೊಡ್ಡ ಈಜುಗಾರ ಹುಟ್ಟಿಲ್ಲ. ಊರವರು ಈ ಮಾತು ಹೇಳುವುದಿಲ್ಲವಾದ್ದರಿಂದ ನಾನೇ ಹೇಳಬೇಕು. ನಾನು ಬಾವಿಗೆ ಹಾರಿದರೆ ಅರ್ಧ ನೀರು ಮೇಲೆ ಬಂದು ಪಕ್ಕದ ಎರಡು ಎಕರೆ ಗದ್ದೆ ತೊಯ್ಯುತ್ತಿತ್ತು. ಹೆಸರು ಗಾದಿಲಿಂಗಪ್ಪ, ವಯಸ್ಸು ಮೂವತ್ತೇಳು, ಸಿರುಗುಪ್ಪದ ಅಕ್ಕಿ ಮಿಲ್ಲಿನಲ್ಲಿ ಫಿಟ್ಟರ್ ಕೆಲಸ. ಹೊಟ್ಟೆಯೊಂದು ಸ್ವಲ್ಪ ಮುಂದೆ ಬಂದಿತ್ತು. ನಾನು ಹೊಸ್ತಿಲು ದಾಟುವ ಹೊತ್ತಿಗೆ ಅದು ಒಳಗೆ ಊಟಕ್ಕೆ ಕೂತಿರುತ್ತಿತ್ತು.

ಎಂಬತ್ತಾರನೇ ಇಸವಿಯ ಬೇಸಿಗೆ. ಬಳ್ಳಾರಿಯ ಯುವಕರ ಸಂಘವೊಂದು ನಮ್ಮೂರ ಹೋಟೆಲಿಗೆ ಬಂದು ಕರಪತ್ರ ಅಂಟಿಸಿತು. ಪಂದ್ಯದ ಹೆಸರು ಟ್ರಯಥ್ಲಾನ್. ಇನ್ನೆರಡು ತಿಂಗಳಿಗೆ ಸಿರುಗುಪ್ಪದ ಹತ್ತಿರ ಹೊಳೆಯ ಮಡುವಿನಲ್ಲಿ ಮುಕ್ಕಾಲು ಕಿಲೋಮೀಟರ್ ಈಜಬೇಕು. ಎದ್ದವರೇ ಕುರುಗೋಡಿನ ಕಡೆ ಇಪ್ಪತ್ತು ಕಿಲೋಮೀಟರ್ ಸೈಕಲ್ ತುಳಿಯಬೇಕು. ಇಳಿದವರೇ ಕುರುಗೋಡಿನವರೆಗೆ ಐದು ಕಿಲೋಮೀಟರ್ ಓಡಬೇಕು. ನಡುವೆ ಚಹಾಕ್ಕೆ ಬಿಡುವಿಲ್ಲ.

“ಇದೇನು ದೊಡ್ಡದಲೇ? ನಾ ಬಾಯಿ ಮುಕ್ಕಳಿಸೋದ್ರಾಗ ಮುಗಿಸಿ ಬರ್ತೀನಿ” ಎಂದೆ.

ಹೋಟೆಲಿನ ಕೊಟ್ಟೂರಪ್ಪ ಹಿಟ್ಟಿನ ಕೈ ಒರೆಸಿಕೊಂಡು ಅಲ್ಲೇ ನನ್ನ ಹೆಸರು ಬರೆಸಿಬಿಟ್ಟ.

ಮನೆಗೆ ಬಂದರೆ ಸುದ್ದಿ ನನಗಿಂತ ಮುಂಚೆ ಬಂದಿತ್ತು. ಹೆಂಡತಿ ವೀರಭದ್ರಮ್ಮ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದು ಕುರುಗೋಡಿನ ಗುಡ್ಡಕ್ಕೆ ಬಡಿದು ವಾಪಸು ಬರುತ್ತಿತ್ತು.

“ಹೊಳಿಗೆ ಇಳಿತೀರಂತ?”

“ಇಳಿತೀನಿ. ಯಾಕ?”

“ನಮ್ಮ ಮರಿಬಸಪ್ಪನೂ ಹಿಂಗ ಅಂತಿದ್ದ.”

ಮರಿಬಸಪ್ಪ ಅವಳ ತಮ್ಮ. ಬಾವಿಯಲ್ಲಿ ಮೀನಿನಂತೆ ಈಜುತ್ತಿದ್ದ ಹುಡುಗ. ನಾಲ್ಕು ವರ್ಷದ ಹಿಂದೆ ಎತ್ತು ತೊಳೆಯಲು ಹೋಗಿ ಕಾಲುವೆಯಲ್ಲಿ ಜಾರಿದ, ಮತ್ತೆ ಏಳಲಿಲ್ಲ. ಅಂದಿನಿಂದ ವೀರಭದ್ರಮ್ಮ ಕಾಲುವೆಯ ಕಡೆ ಮುಖ ಮಾಡಿಲ್ಲ. ನಮ್ಮ ಹತ್ತು ವರ್ಷದ ಮಗಳು ಅಂಬಮ್ಮನನ್ನು ನೀರಿನ ಹತ್ತಿರ ಬಿಟ್ಟಿಲ್ಲ. ಕಾಲುವೆಯೋ, ನಮ್ಮ ಹಿತ್ತಲಿನಿಂದ ನೂರು ಹೆಜ್ಜೆ.

“ನಾ ಪಂದ್ಯ ಮುಗಿಸಿದ್ರ ಅಂಬಮ್ಮಗ ಈಜು ಕಲಸ್ತೀನಿ, ನೋಡು.”

“ಮೊದ್ಲು ನೀವು ಜೀವಂತ ದಡಕ್ಕ ಬರ್ರಿ. ಬರಲಿಲ್ಲಂದ್ರ ಈ ಮನ್ಯಾಗ ಮತ್ಯಾರೂ ನೀರಿಗೆ ಕಾಲು ಇಡಂಗಿಲ್ಲ.”

ಅಷ್ಟರಲ್ಲಿ ನರ್ಸಕ್ಕ ಉಚ್ಚೆಂಗೆಮ್ಮ ಬಂದರು. ಪ್ರತಿ ಗುರುವಾರ ಸೈಕಲ್ ಮೇಲೆ ಬಂದು ಮಕ್ಕಳಿಗೆ ಚುಚ್ಚುಮದ್ದು ಹಾಕುವವರು. ಸಿರುಗುಪ್ಪದ ಹೊಳೆದಂಡೆಯಲ್ಲಿ ಹುಟ್ಟಿ ಬೆಳೆದವರು. ವಿಷಯ ಕೇಳಿ ನನ್ನ ಹೊಟ್ಟೆಯನ್ನೊಮ್ಮೆ ನೋಡಿದರು.

“ಗಾದಿಲಿಂಗಪ್ಪಣ್ಣ, ಬಾವ್ಯಾಗ ಎಷ್ಟು ಈಜ್ತೀರಿ?”

“ಸಾಯಂಕಾಲತನಕ ಈಜ್ತೀನಕ್ಕ.”

“ಕೈ ಎಷ್ಟು ಸಲ ಹೊಡಿತೀರಿ, ಅದನ್ನ ಹೇಳ್ರಿ.”

ಎಣಿಸಿದೆ. “ಹನ್ನೆರಡು. ಆಮ್ಯಾಲ ಗ್ವಾಡಿ ಬರ್ತೈತಿ. ಹಿಡಕೊಂಡು ಉಸಿರು ತಗೋತೀನಿ.”

“ಹೊಳ್ಯಾಗ ಗ್ವಾಡಿ ಯಾರು ಕಟ್ಟಿಸ್ಯಾರ?”

ವೀರಭದ್ರಮ್ಮನ ಕೈ ರೊಟ್ಟಿಯ ಮೇಲೆ ನಿಂತುಬಿಟ್ಟಿತು. “ಅಕ್ಕ, ನನ್ನ ತಮ್ಮಗೂ ಹಿಂಗ ಆಗಿತ್ತೇನು?”

ನರ್ಸಕ್ಕ ಅವಳ ಪಕ್ಕದಲ್ಲೇ ಕುಳಿತರು. “ಆಗಿರಬಹುದು ವೀರಭದ್ರಮ್ಮ. ಬಾವ್ಯಾಗ ಕಲಿತವರ ಕೈ ತಾನಾಗೇ ಗ್ವಾಡಿ ಹುಡುಕ್ತೈತಿ. ಸಿಗಲಿಲ್ಲಂದ್ರ ಗಾಬರಿ. ಗಾಬರಿ ಆದವ ನೀರಾಗ ನೆಟ್ಟಗ ನಿಲ್ಲಾಕ ನೋಡ್ತಾನ, ಮುಳುಗ್ತಾನ. ಈಜಕ್ಕಿಂತ ಮೊದ್ಲು ಅಂಗಾತ ತೇಲೋದು ಕಲೀಬೇಕು. ಅದಕ್ಕ ಬಲ ಬೇಕಾಗಿಲ್ಲ.”

ಮರುದಿನವೇ ಪಾಠ ಶುರು. ಮೊದಲು ನರ್ಸಕ್ಕ ನನ್ನನ್ನು ಡಾಕ್ಟರ ಹತ್ತಿರ ಕಳಿಸಿ ಎದೆ, ಬಿ.ಪಿ. ನೋಡಿಸಿದರು. ಆಮೇಲೆ ಮೆಟ್ಟಿಲ ಬಾವಿ. ನನ್ನ ನಡುವಿಗೆ ಹಗ್ಗ, ಹಗ್ಗದ ಇನ್ನೊಂದು ತುದಿ ಹೆಂಡತಿಯ ಕೈಯಲ್ಲಿ. ಮೊದಮೊದಲು ಅವಳು ಎಳೆದ ರಭಸಕ್ಕೆ ನಾನು ತೇಲಿದ್ದಕ್ಕಿಂತ ಗಾಳಿಯಲ್ಲಿ ಹಾರಿದ್ದೇ ಹೆಚ್ಚು. ಮೂರನೇ ವಾರಕ್ಕೆ ಹಗ್ಗ ಸಡಿಲಾಯಿತು. ಗೋಡೆ ಮುಟ್ಟದೆ ಸುತ್ತು ಹೊಡೆಯುವುದು, ದಣಿದರೆ ಅಂಗಾತ ಮಲಗುವುದು. ಸೈಕಲ್ ಚಿಂತೆಯಿಲ್ಲ, ದಿನಾ ಮಿಲ್ಲಿಗೆ ತುಳಿಯುತ್ತಿದ್ದೆ. ಓಟಕ್ಕೆ ನರ್ಸಕ್ಕ ಹೇಳಿದ್ದು ಇಷ್ಟೇ: “ಒಂದು ಲೈಟಿನ ಕಂಬದಿಂದ ಇನ್ನೊಂದಕ್ಕ ಓಡ್ರಿ, ಅಲ್ಲಿಂದ ಮುಂದಿನ ಕಂಬಕ್ಕ ನಡೀರಿ. ನಡದ್ರ ಮಾನ ಹೋಗಂಗಿಲ್ಲ.”

ಪಂದ್ಯದ ದಿನ ಬಂತು. ದಡದಲ್ಲಿ ಹತ್ತು ಲಕ್ಷ ಜನ. ಪೇಪರಿನವರು ಇನ್ನೂರು ಅಂತ ಬರೆದರು, ಅವರಿಗೆ ಎಣಿಸಲು ಬರುವುದಿಲ್ಲ. ಪೀಪಿ ಊದಿದ್ದೇ ತಡ, ಬಳ್ಳಾರಿಯ ಹುಡುಗರ ಜೊತೆ ನಾನೂ ನುಗ್ಗಿದೆ. ನಿಧಾನಕ್ಕೆ ಹೋಗಿ ಎಂದ ನರ್ಸಕ್ಕನ ಮಾತು ದಡದಲ್ಲೇ ಉಳಿಯಿತು.

ನಡುಹೊಳೆಗೆ ಬರುವಷ್ಟರಲ್ಲಿ ಉಸಿರು ಕಟ್ಟಿತು. ಕೈ ತಾನಾಗೇ ಮುಂದೆ ಚಾಚಿತು, ಗೋಡೆ ಹಿಡಿಯಲು. ಗೋಡೆ ಎಲ್ಲಿದೆ? ನಿಲ್ಲಲು ನೋಡಿದೆ. ಕಾಲ ಕೆಳಗೆ ನೆಲವೂ ಇಲ್ಲ. ಆ ವರ್ಷ ಆಂಧ್ರದವರಿಗೆ ನೀರು ಕಡಿಮೆ ಬಂದಿದ್ದರೆ ಕ್ಷಮಿಸಬೇಕು, ಅರ್ಧ ತುಂಗಭದ್ರೆಯನ್ನು ನಾನೇ ಕುಡಿದಿದ್ದೆ. ದಡದಲ್ಲಿ ವೀರಭದ್ರಮ್ಮ ತಮ್ಮನ ಹೆಸರು ಕೂಗಿದ್ದು ಕೇಳಿಸಿತು. ನನ್ನದಲ್ಲ, ಅವನದು.

“ಅಂಗಾತ ಆಗ್ರೀ ಅಣ್ಣಾ!” ಅದು ನರ್ಸಕ್ಕನ ದನಿ.

ತಲೆ ಹಿಂದಕ್ಕೆ ಹಾಕಿದೆ. ಎದೆ ಎತ್ತಿದೆ. ಕೈ ಅಗಲಿಸಿದೆ. ಕಿವಿ ನೀರೊಳಗೆ ಹೋಗಿ ಎಲ್ಲ ಸದ್ದು ನಿಂತಿತು. ಮೇಲೆ ಬರೀ ಆಕಾಶ. ಇಪ್ಪತ್ತು ಉಸಿರು ಎಣಿಸಿದೆ. ಹೊಳೆ ನನ್ನನ್ನು ಮುಳುಗಿಸಲಿಲ್ಲ, ಎತ್ತಿ ಹಿಡಿದಿತ್ತು.

ಪಕ್ಕಕ್ಕೆ ಸಂಘದವರು ಕಾವಲಿಗೆ ಇಟ್ಟಿದ್ದ ಹರಿಗೋಲು ಬಂತು. ಹುಟ್ಟು ಹಾಕುತ್ತಿದ್ದ ಹುಲುಗಪ್ಪ ಬಗ್ಗಿ ಹೇಳಿದ: “ಅಂಚು ಹಿಡೀರಿ ಗಾದಿಲಿಂಗಪ್ಪಾರ. ಹಿಡದ್ರ ಪಂದ್ಯ ಹೋಗಂಗಿಲ್ಲ, ಹಂಗಂತ ಸಂಘದವರೇ ಹೇಳ್ಯಾರ.”

ಹಿಡಿಯಲಿಲ್ಲ ಅಂತ ಹೇಳಿದರೆ ನೀವು ನಂಬುತ್ತೀರಿ. ಆದರೆ ಹಿಡಿದೆ. ಎರಡು ನಿಮಿಷ ಹಿಡಿದೆ. ಆಮೇಲೆ ಎಮ್ಮೆಯ ಹಾಗೆ ನಿಧಾನಕ್ಕೆ, ನಡುನಡುವೆ ಅಂಗಾತ ಮಲಗುತ್ತ, ದಡ ಮುಟ್ಟಿದೆ.

ವೀರಭದ್ರಮ್ಮ ಸೀರೆ ತೊಯ್ಯುವುದನ್ನೂ ನೋಡದೆ ಮೊಣಕಾಲು ನೀರಿಗೆ ಬಂದು ನನ್ನ ತೋಳು ಹಿಡಿದಳು. “ಬಂದ್ರಿ” ಎಂದಳು. ಅಷ್ಟೇ.

“ಇನ್ನೂ ಸೈಕಲ್ ಐತಿ, ಬಿಡು.”

“ಸೈಕಲ್ ಹಾಳಾಗಿ ಹೋಗ್ಲಿ, ಬಂದ್ರಲ್ಲ!” ಅಳುತ್ತ ನಕ್ಕಳು.

ಆಮೇಲಿನದೆಲ್ಲ ಸಲೀಸು. ಎದೆಯಿಂದ ಅಕ್ಕಿ ಮೂಟೆ ಇಳಿಸಿದ ಹಾಗಿತ್ತು. ಎದುರುಗಾಳಿಗೆ ಬೈಯುತ್ತ ಸೈಕಲ್ ತುಳಿದೆ. ಇಳಿದಾಗ ಕಾಲು ನನ್ನವೇ ಅಲ್ಲ, ಯಾರಿಂದಲೋ ಕೇಳಿ ತಂದ ಹಾಗಿದ್ದವು. ಒಂದು ಕಂಬ ಓಡಿದೆ, ಒಂದು ಕಂಬ ನಡೆದೆ, ದಾರಿಯಲ್ಲಿ ಕೊಟ್ಟ ಉಪ್ಪು-ಸಕ್ಕರೆಯ ನಿಂಬೆ ನೀರು ಗುಟುಕು ಗುಟುಕು ಕುಡಿದೆ. ಕುರುಗೋಡು ಮುಟ್ಟಿದಾಗ ನಲವತ್ತೊಂದು ಜನರಲ್ಲಿ ನಾನು ಮೂವತ್ತೊಂಬತ್ತನೆಯವ. ನನಗಿಂತ ಮುಂದಿದ್ದ ಮೂವತ್ತೆಂಟು ಮಂದಿ ನನ್ನನ್ನು ನೋಡಲಿಕ್ಕೆಂದೇ ಬೇಗ ಬಂದು ಕಾಯುತ್ತಿದ್ದರು.

ಬಸ್ಸಿನಲ್ಲಿ ಬಂದ ವೀರಭದ್ರಮ್ಮ ನರ್ಸಕ್ಕನಿಗೆ ಹೇಳಿದಳು: “ಅಂಬಮ್ಮಗ ಕಲಸ್ರಿ ಅಕ್ಕ. ಆದ್ರ ಮೊದ್ಲು ನಾ ಕಲಿತೀನಿ. ಹುಡುಗಿ ಜಾರಿದ್ರ ದಡದಾಗ ನಿಂತು ಹೆಸರು ಕೂಗಾಕ ನನ್ನಿಂದ ಆಗಂಗಿಲ್ಲ.”

ಆ ತಿಂಗಳೇ ಮೆಟ್ಟಿಲ ಬಾವಿಯಲ್ಲಿ ವೀರಭದ್ರಮ್ಮನೂ ಸೇರಿ ಒಂಬತ್ತು ಮಂದಿ ಹೆಂಗಸರು ಅಂಗಾತ ತೇಲಿದರು.

ಅಕ್ಕಂದಿರೇ, ಅಣ್ಣಂದಿರೇ, ಓಡುವುದಾಗಲಿ ಈಜುವುದಾಗಲಿ, ವಯಸ್ಸಾಯಿತೆಂದು ಕೂರಬೇಡಿ. ಡಾಕ್ಟರಿಗೆ ತೋರಿಸಿ, ಇಂದೇ ಒಂದು ಕಂಬ ನಡೆಯಿರಿ. ಮೊದಲ ಸಲ ಪಂದ್ಯಕ್ಕೆ ಹೋಗುವವರು ಗೆಲ್ಲುವ ಆಸೆ ಮನೆಯಲ್ಲೇ ಬಿಟ್ಟು, ಮುಗಿಸುವ ಆಸೆ ಮಾತ್ರ ಒಯ್ಯಿರಿ. ಒಬ್ಬರೇ ನೀರಿಗೆ ಇಳಿಯಬೇಡಿ, ಹರಿಯುವ ಕಾಲುವೆಯಲ್ಲಿ ಕಲಿಯಲು ಹೋಗಬೇಡಿ. ಬಲ್ಲವರನ್ನು ದಡದಲ್ಲಿ ನಿಲ್ಲಿಸಿಕೊಂಡು ಮೊದಲು ತೇಲುವುದನ್ನು ಕಲಿಯಿರಿ, ಮನೆಯ ಹೆಣ್ಣುಮಕ್ಕಳಿಗೂ ಕಲಿಸಿರಿ. ನಾನು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಬಿಟ್ಟುಬಿಡಿ, ಇದೊಂದನ್ನು ಮಾತ್ರ ನಂಬಿ: ನೀರಿನಲ್ಲಿ ಗಾಬರಿಯಾದರೆ ಅಂಗಾತ ಮಲಗಿ, ಇಪ್ಪತ್ತು ಉಸಿರು ಎಣಿಸಿ.