ಲೀಟರಿಗೆ ಎಂಟು

ಸಾಕಾ ಎಂದು ಪೆಟ್ರೋಲ್ ಬಂಕಿನವನು ಕೇಳಿದ. ಮೃತ್ಯುಂಜಯ ಸಾಲದೆಂದು ತಲೆಯಲ್ಲಾಡಿಸಿದ. ಪೆಟ್ರೋಲು ಟ್ಯಾಂಕಿನ ಕತ್ತಿನವರೆಗೆ ಬಂದು ನಿಂತದ್ದು ಅವನ ಕಣ್ಣಿಗೇ ಕಾಣಬೇಕು.

ಲೀಟರಿಗೆ ಎಂಟು. ಹೋದ ವಾರವೂ ಎಂಟೇ ಕಿಲೋಮೀಟರು.

ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವನು ಅವನು. ಒಂದೇ ತಪ್ಪು ಅಷ್ಟೇ ಅಳತೆಯಲ್ಲಿ ಮತ್ತೆ ಬಂದರೆ ಅದು ತಪ್ಪಲ್ಲ, ಅದಕ್ಕೊಂದು ಕಾರಣವಿರುತ್ತದೆ.

ಜೀಪಿನ ಠೀವಿಯ ಈ ಪುಟ್ಟ ಗಾಡಿಯನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ಎರಡು ತಿಂಗಳಾಗಿತ್ತು. ಒಂದು ಭಾನುವಾರ ಅವನೇ ನಂಜನಗೂಡಿಗೆ ಹೋಗಿಬಂದಾಗ ಹದಿಮೂರು ಕೊಟ್ಟಿತ್ತು. ವಾರದ ದಿನಗಳಲ್ಲಿ ಓಡಿಸುವವಳು ಹೆಂಡತಿ ಸುಷ್ಮಾ. ಮಗಳು ಲಾಸ್ಯಳ ರಂಗಪ್ರವೇಶ ಹತ್ತಿರವಾಗಿ ದಿನವೂ ಸಂಜೆ ನಾಲ್ಕರಿಂದ ಆರರವರೆಗೆ ಶ್ರೀರಾಂಪುರದಲ್ಲಿ ಕ್ಲಾಸು. ಒಂಟಿಕೊಪ್ಪಲಿನ ಮನೆಯಿಂದ ಹೋಗಿಬರುವ ದೂರವನ್ನು ಅವನು ಅಳೆದಿದ್ದ. ಮೀಟರು ಅದಕ್ಕಿಂತ ಒಂದು ಕಿಲೋಮೀಟರನ್ನೂ ಹೆಚ್ಚು ತೋರಿಸಿರಲಿಲ್ಲ. ಆ ಹೆಚ್ಚಿನ ಕಿಲೋಮೀಟರನ್ನು ಹುಡುಕುವಾಗ ತನ್ನ ಅಂಗೈ ಏಕೆ ಬೆವರಿತ್ತು ಎಂದು ಮಾತ್ರ ಯೋಚಿಸಿರಲಿಲ್ಲ.

ಲಷ್ಕರ್ ಮೊಹಲ್ಲಾದ ಮೆಕ್ಯಾನಿಕ್ ಬೆಟ್ಟಯ್ಯ ಬಾನೆಟ್ ಮುಚ್ಚಿ ಕೈ ಒರೆಸಿಕೊಂಡ.

"ಎಂಜಿನ್ ಚಿನ್ನದಂಗೈತೆ ಸಾ. ಎಲ್ಲೂ ಲೀಕಿಲ್ಲ."

"ಮತ್ತೆ ಪೆಟ್ರೋಲು ಎಲ್ಲಿಗೆ ಹೋಗುತ್ತೆ?"

"ಏಸಿ ಹಾಕ್ಕೊಂಡು ನಿಲ್ಸಿರ್ತೀರೇನೋ. ನಿಂತಿರೋ ಗಾಡಿಗೆ ಎಂಗೆ ಮೈಲೇಜ್ ಬತ್ತದೆ?"

ಮನೆಯಲ್ಲಿ ಸುಷ್ಮಾ ದೋಸೆ ಹುಯ್ಯುತ್ತಿದ್ದಳು.

"ಕ್ಲಾಸ್ ಮುಗಿಯೋವರೆಗೂ ಎಲ್ಲಿರ್ತೀಯ?"

"ಅಲ್ಲೇ."

"ಅಲ್ಲೇ ಅಂದ್ರೆ?"

"ಗಾಡೀಲಿ."

"ಎಂಜಿನ್ ಆಫ್ ಮಾಡಿರ್ತೀಯ ತಾನೆ?"

ಅವಳು ಕಾವಲಿಯ ಮೇಲಿಂದ ಕಣ್ಣೆತ್ತಲಿಲ್ಲ. "ಇನ್ನೊಂದು ಹಾಕ್ಲೇನ್ರೀ?"

ಮರುದಿನ ಕೊನೆಯ ಪೀರಿಯಡ್ ಬಿಟ್ಟು, ನಾಲ್ಕು ದಾಟಿದ ಮೇಲೆ ಸ್ಕೂಟರಿನಲ್ಲಿ ಶ್ರೀರಾಂಪುರಕ್ಕೆ ಹೊರಟ. ನೃತ್ಯದ ಟೀಚರ ಮನೆಯೊಳಗಿಂದ ಗೆಜ್ಜೆಯ ಸದ್ದು ಬರುತ್ತಿತ್ತು. ಹೊರಗೆ ಗಾಡಿ ಇರಲಿಲ್ಲ. ಮುಂದೆ ಹೊಸ ಬಡಾವಣೆ. ಡಾಂಬರು ಹಾಕಿದ ರಸ್ತೆಗಳಿದ್ದವು, ಮನೆಗಳಿರಲಿಲ್ಲ. ಎರಡು ತಿರುವು ದಾಟಿದ ಮೇಲೆ ಹೊಂಗೆಮರದಡಿ ಗಾಡಿ ಕಾಣಿಸಿತು. ಸ್ಕೂಟರನ್ನು ದೂರದಲ್ಲೇ ನಿಲ್ಲಿಸಿ ಹಿಂದಿನಿಂದ ನಡೆದುಬಂದ.

ಎಂಜಿನ್ ಗುನುಗುತ್ತಿತ್ತು. ಕಿಟಕಿಗಳೆಲ್ಲ ಮುಚ್ಚಿದ್ದವು. ಏಸಿಯ ನೀರು ತೊಟ್ಟಿಕ್ಕಿ ಮಣ್ಣಿನಲ್ಲಿ ಸಣ್ಣ ಕುಣಿಯಾಗಿತ್ತು. ಒಂದು ದಿನದ ಕುಣಿಯಲ್ಲ ಅದು.

ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ. ಯಾರಾದರೂ ಇದ್ದಿದ್ದರೆ ಸುಲಭವಿತ್ತು ಎಂದು ಅನ್ನಿಸಿ ಬೆಚ್ಚಿದ.

ಸುಷ್ಮಾ ಹಾಡುತ್ತಿದ್ದಳು. ಕತ್ತಿನ ನರ ಉಬ್ಬುವಂತೆ, ಕಣ್ಣು ಮುಚ್ಚಿ, ಸ್ಟೀರಿಂಗಿನ ಮೇಲೆ ತಾಳ ಹಾಕುತ್ತ. ಒಂದು ಸ್ವರವೂ ಹೊರಗೆ ಬರುತ್ತಿರಲಿಲ್ಲ. ಮದುವೆಯಾಗಿ ಹದಿನೈದು ವರ್ಷ. ಅವಳು ಹಾಡುತ್ತಾಳೆಂದು ಅವನಿಗೆ ಗೊತ್ತಿರಲಿಲ್ಲ. ನೀನು ಹಾಡುತ್ತೀಯಾ ಎಂದು ಅವನು ಕೇಳಿರಲೂ ಇಲ್ಲ.

"ಯಾರ್ ಸಾ ನೀವು?"

ಬಡಾವಣೆಯ ವಾಚ್‌ಮನ್. ಶರಟಿನ ಜೇಬಿನ ಮೇಲೆ ಪುಟ್ಟಮಾದಯ್ಯ ಎಂಬ ಹೆಸರಿನ ಪಟ್ಟಿ. ಕೈಯಲ್ಲಿ ಲಾಠಿ.

"ಮೇಡಮ್ಮಾರ್ನ ಯಾಕ್ ಇಂಗೆ ಇಣುಕಿ ನೋಡ್ತಿದ್ದೀರಿ?"

"ಗಾಡಿ ನಂದು," ಎಂದ ಮೃತ್ಯುಂಜಯ.

"ನಿಮ್ದಾ? ಎರಡು ತಿಂಗಳಿಂದ ದಿನಾ ನೋಡ್ತಾವ್ನಿ. ಆಯಮ್ಮ ಒಬ್ರೇ ಬತ್ತಾರೆ, ಒಬ್ರೇ ಹೋಯ್ತಾರೆ."

ಗಂಡ ಎಂಬ ಮಾತು ನಾಲಗೆಯವರೆಗೆ ಬಂತು. ಅದನ್ನು ಅಂದರೆ ಈತ ಗಾಜು ತಟ್ಟಿ ಅವಳನ್ನು ಕೇಳುತ್ತಾನೆ. ಅವಳು ಕಣ್ಣು ತೆರೆಯುತ್ತಾಳೆ. ಹಾಡು ನಿಲ್ಲುತ್ತದೆ. ಏನ್ರೀ, ಎನ್ನುತ್ತಾಳೆ. ಆಮೇಲೆ ಅವನು ಮೈಲೇಜಿನ ಮಾತು ಆಡಬೇಕು.

"ಅಲ್ಲ," ಎಂದ. "ನಮ್ಮ ಗಾಡಿ ಥರಾನೇ ಇತ್ತು, ನಂದು ಅಂದ್ಕೊಂಡೆ."

"ಅಂಗಾದ್ರೆ ಹೊರಡಿ ಸಾ."

ಹೊರಟ. ಸ್ಕೂಟರಿನ ಸದ್ದಿಗೆ ಅವಳು ತಿರುಗಿಯಾಳೆಂದು ಚಾಲೂ ಮಾಡದೆ ತಳ್ಳಿಕೊಂಡೇ ನಡೆದ. ಬಂದ ದಾರಿ ಯಾವುದೆಂದು ತಿಳಿಯಲಿಲ್ಲ. ಎಲ್ಲ ರಸ್ತೆಗಳೂ ಒಂದೇ ಅಗಲ, ಎಲ್ಲ ತಿರುವುಗಳೂ ಒಂದೇ ಥರ. ಎಡಕ್ಕೆ ಹೋದ, ಬಲಕ್ಕೆ ಹೋದ. ಡಾಂಬರು ಥಟ್ಟನೆ ಮುಗಿಯಿತು. ಮುಂದೆ ಬರೀ ಸೈಟಿನ ಕಲ್ಲುಗಳು, ಒಂದೊಂದರ ಮೇಲೂ ಕೆಂಪು ಬಣ್ಣದ ನಂಬರು. ಬೆವರು ಕಣ್ಣಿಗಿಳಿಯಿತು. ಅವನು ನಿಂತು ಕಿವಿಗೊಟ್ಟ. ಯಾವ ಕಡೆ ತಿರುಗಿದರೂ ಅವಳ ಗಾಡಿಯ ಎಂಜಿನ್ನಿನ ಸದ್ದು ಅಷ್ಟೇ ದೂರದಲ್ಲಿತ್ತು.