ನನ್ನ ಕಡೆ ಹೊಡಿ

ಪೆಟ್ಟಿಗೆ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತು.

"ಎಡಕ್ಕೆ, ಎಡಕ್ಕೆ!" ಎಂದು ಮೇಲಿನಿಂದ ಮಗ ಕೂಗಿದ. ಮುಂದಿನ ಇಬ್ಬರು ಹಿಮ್ಮುಖವಾಗಿ ಇಳಿಯುತ್ತಿದ್ದರು, ಹಿಂದಿನ ಇಬ್ಬರು ಮುಮ್ಮುಖವಾಗಿ. ನಾಲ್ವರೂ ವಿಧೇಯರಾಗಿ ತಂತಮ್ಮ ಎಡಕ್ಕೆ ಎಳೆದರು. ಪೆಟ್ಟಿಗೆ ಇನ್ನಷ್ಟು ಬಿಗಿಯಾಗಿ ಕಚ್ಚಿಕೊಂಡು ಗೋಡೆಯ ಸುಣ್ಣ ಉದುರಿಸಿತು.

"ನಿನ್ನ ಎಡಾನೋ, ನನ್ನ ಎಡಾನೋ?"

"ಎಡ ಅಂದ್ರೆ ಎಡ ಕಣ್ರೀ! ಅದರಲ್ಲೇನು ನಿಂದು ನಂದು?"

"ಇಲ್ಲಿ ಎರಡೆರಡು ಎಡ ಇದೆಯಪ್ಪಾ. ಬಲ ಒಂದೂ ಕಾಣ್ತಿಲ್ಲ."

ಕೆಳಗೆ ಹೊಸಿಲ ಒಂದು ಪಕ್ಕಕ್ಕೆ ನಿಂತಿದ್ದ ಬೇಕರಿಯವಳು ಇಷ್ಟು ಹೊತ್ತು ತಡೆದುಕೊಂಡಿದ್ದೇ ಹೆಚ್ಚು. ದನಿಯೆತ್ತಿ, "ನನ್ನ ಕಡೆ ಹೊಡೀರಿ!" ಅಂದಳು. ಹೊತ್ತವರು ಯೋಚನೆಯನ್ನೇ ಮಾಡಲಿಲ್ಲ. ನಾಲ್ಕು ಭುಜಗಳೂ ಒಟ್ಟಿಗೆ ಒಂದೇ ಕಡೆ ವಾಲಿದವು; ಪೆಟ್ಟಿಗೆ ಮೂತಿ ತಿರುಗಿಸಿಕೊಂಡು, ಗೋಡೆಗೆ ತಾಗದೆ, ಸಲೀಸಾಗಿ ಇಳಿದುಹೋಯಿತು.

ಪೆಟ್ಟಿಗೆಯೊಳಗೆ ಮಲಗಿದ್ದವಳು ಊರಿಗೆ ಡ್ರೈವಿಂಗ್ ಕಲಿಸಿದವಳು. ಅವಳಿಗೆ ಎಡಬಲಗಳಲ್ಲಿ ನಂಬಿಕೆಯಿರಲಿಲ್ಲ. ಸ್ಟೀರಿಂಗ್ ಹಿಡಿದ ಕೂಡಲೇ ಮನುಷ್ಯನಿಗೆ ತಾನು ಬರೆಯುವ ಕೈ ಯಾವುದೆಂಬುದೂ ಮರೆತುಹೋಗುತ್ತದೆ, ಆದರೆ ಪಕ್ಕದಲ್ಲಿ ಕೂತು ಬೈಯುವ ಹೆಂಗಸು ಮರೆಯುವುದಿಲ್ಲ ಎಂಬುದು ಅವಳ ಸಿದ್ಧಾಂತ. ಹಾಗಾಗಿ ಅವಳ ಗಾಡಿಯಲ್ಲಿ ಇದ್ದದ್ದು ಎರಡೇ ದಿಕ್ಕು: ಅವಳು ಕೂತ ಕಡೆ "ನನ್ನ ಕಡೆ", ಕಲಿಯುವವರು ಕೂತ ಕಡೆ "ನಿನ್ನ ಕಡೆ". ಅವಳ ಶಿಷ್ಯರು ಇದನ್ನು ಮನೆಗೂ ಒಯ್ದರು. ಬೀರು ಸರಿಸುವಾಗ, ಹಾಸಿಗೆ ಇಳಿಸುವಾಗ, ದಾರಿ ಹೇಳುವಾಗ ಅದೇ ಮಾತು. "ಚೌಕ ದಾಟಿ ಅಮ್ಮನ ಕಡೆ ತಿರುಗಿ" ಎಂದು ಕೇಳಿಸಿಕೊಂಡ ಪರಸ್ಥಳದವರು, ಯಾರ ಅಮ್ಮ ಎಂದು ವಿಚಾರಿಸುತ್ತ ಅಲೆದಾಡಿದ್ದೂ ಉಂಟು.

ಗಾಡಿಯಲ್ಲಿ ಅವಳ ಕಾಲ ಬುಡದಲ್ಲೂ ಒಂದು ಬ್ರೇಕ್ ಇದ್ದದ್ದರಿಂದ ಊರು ಅವಳನ್ನು ಬ್ರೇಕಮ್ಮ ಅನ್ನುತ್ತಿತ್ತು. ಎದುರಿಗೆ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಎಲ್ಲರೂ ಇಳಿದ ಮೇಲೆ ಅವಳ ಗಂಡ ಇಳಿದರು. ಕನ್ನಡಕದ ಅಂಗಡಿ ಇಟ್ಟು ಊರಿನ ಕಣ್ಣು ಸರಿಮಾಡಿದ ಅವರನ್ನು ಎಲ್ಲರೂ ಕನ್ನಡಕದವರು ಅಂತಲೇ ಕರೆಯುವುದು. ಒಂದು ಮಂಡಿ ಮಡಚುವುದಿಲ್ಲ. ಆ ಕಾಲನ್ನು ಕೋಲಿನಂತೆ ಮುಂದೆ ಚಾಚಿ, ಒಂದೊಂದೇ ಮೆಟ್ಟಿಲು. ಅವರಿಗೆ ಡ್ರೈವಿಂಗ್ ಬರುವುದಿಲ್ಲ. ಮದುವೆಗೆ ಮುಂಚೆ ಅವಳ ಹತ್ತಿರವೇ ಕಲಿಯಲು ಹೋಗಿ, ಪೆಟ್ರೋಲ್ ಬಂಕಿನ ಗಾಳಿ ಯಂತ್ರವನ್ನು ಬುಡಸಮೇತ ಎಬ್ಬಿಸಿದ್ದರು. "ನೀವು ಹಿಂದೆ ಕೂತ್ಕೊಳ್ಳಿ" ಅಂದಿದ್ದಳು. ಅಂದು ಹಿಂದೆ ಕೂತವರು ಎದ್ದೇ ಇರಲಿಲ್ಲ.

* * *

ಕೆಳಗಿನ ಕೋಣೆಯೇ ಅವಳ ಶಾಲೆ. ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಕಿತ್ತಳೆ ಬಣ್ಣದ ಕೋನ್‌ಗಳು. ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆದ ನಾಲ್ಕು ರಸ್ತೆ, ಅದರ ನಡುವೆ ಕಾರುಗಳಾಗಿ ನಿಂತ ಬೆಂಕಿಪೊಟ್ಟಣಗಳು. ಯಾರೋ ಅದನ್ನು ಒರೆಸಲು ಹೋಗಿ ಬೇಕರಿಯವಳಿಂದ ಬೈಸಿಕೊಂಡಿದ್ದರು.

ಫೋನು ರಿಂಗಾಯಿತು. ಮಗ ಎತ್ತಿದ.

"ಯಾರು? ಶೋರೂಮಾ? ಇಲ್ಲ, ಮೇಡಂ ಇಲ್ಲ... ಎಷ್ಟೊತ್ತಿಗೆ ಬರ್ತಾರೆ ಅಂದ್ರೆ..." ಅವನು ಕಿಟಕಿಯಾಚೆ ಶವದ ವ್ಯಾನಿಗೆ ಏರುತ್ತಿದ್ದ ಪೆಟ್ಟಿಗೆಯನ್ನು ನೋಡಿದ. "ಅವರು ಬರಲ್ಲ. ಸರಿ, ಸಂಜೆಯೊಳಗೆ ಹೇಳ್ತೀನಿ."

"ಏನಂತೆ?" ಅಂದ ಭಾವಮೈದ. ಸತ್ತವಳ ತಮ್ಮ, ಮಾತಾಡದೆ ಇದ್ದರೆ ಉಸಿರು ಕಟ್ಟುವವನು.

"ಹೊಸ ಗಾಡಿ ಬಂದು ನಿಂತಿದೆಯಂತೆ. ಇವತ್ತು ಒಯ್ಯದಿದ್ರೆ ಕಾಯ್ತಿರೋ ಇನ್ಯಾರಿಗೋ ಹೋಗತ್ತೆ."

"ಹೋಗಲಿ ಬಿಡು, ಪೀಡೆ ಕಳೀತು. ಅಕ್ಕನ ಹಟಕ್ಕೆ ಬುಕ್ ಮಾಡಿದ್ದಲ್ವಾ? ಹಡಗಿನಷ್ಟು ದೊಡ್ಡ ಗಾಡಿ. ಭಾವ ಅದರಲ್ಲಿ ಏನು ಮಾಡ್ತಾರೆ, ಹೂಕುಂಡ ಇಟ್ಟು ನೀರು ಹಾಕ್ತಾರಾ?"

"ಹಳೇದನ್ನೂ ಗುಜರಿಯವನಿಗೆ ಹೇಳಿದೀನಿ ಮಾವ. ನಾಳೆ ಬರ್ತಾನೆ." ಮಗ ಅಪ್ಪನ ಕಡೆ ತಿರುಗಿದ. "ಅಪ್ಪ, ನಾನು ಬೇಡ ಅಂತ ಹೇಳಿಬಿಡ್ಲಾ?"

ಕನ್ನಡಕದವರು ಮೇಜಿನ ಮೇಲಿನ ಬೆಂಕಿಪೊಟ್ಟಣವೊಂದನ್ನು ನೋಡುತ್ತಿದ್ದರು. ತಪ್ಪು ಪಥದಲ್ಲಿತ್ತು. ಬೆರಳ ತುದಿಯಿಂದ ಸರಿಯಾದ ಕಡೆಗೆ ಸರಿಸಿದರು.

"ಮೌನವೇ ಒಪ್ಪಿಗೆ," ಅಂದ ಭಾವಮೈದ. ತನಗೆ ಆ ಅಭ್ಯಾಸವಿಲ್ಲದಿದ್ದರಿಂದ ಇತರರ ಮೌನದ ಅರ್ಥ ಅವನಿಗೆ ಚೆನ್ನಾಗಿ ಗೊತ್ತಿತ್ತು.

* * *

ಹಳೆಯ ಸೆಡಾನ್ ಮುದಿಯಾಗಿ ಕೆಮ್ಮತೊಡಗಿದಾಗ ಮನೆಯಲ್ಲಿ ಎರಡು ಪಕ್ಷಗಳಾದವು. ಮಗ ವಿಮೆ ಕಂಪನಿಯಲ್ಲಿ ಅಪಘಾತದ ಫೋಟೊಗಳನ್ನು ನೋಡುವ ಕೆಲಸದಲ್ಲಿದ್ದ. ದಿನವಿಡೀ ನಜ್ಜುಗುಜ್ಜಾದದ್ದನ್ನೇ ನೋಡಿ ಸಂಜೆ ಮನೆಗೆ ಬಂದರೆ, ಅಮ್ಮ ಕ್ಲಚ್ಚು ಯಾವುದೆಂದು ಗೊತ್ತಿಲ್ಲದವರ ಪಕ್ಕ ನಗುನಗುತ್ತ ಕೂತಿರುತ್ತಿದ್ದಳು.

"ಸಾಕಮ್ಮ. ಒಂದು ಚಿಕ್ಕ ಗಾಡಿ ತಗೊಳ್ಳೋಣ. ನೀನು, ಅಪ್ಪ, ಪೇಟೆಗೆ ಹೋಗಿ ಬರೋದಕ್ಕೆ. ಕಲಿಸೋದನ್ನ ನಿಲ್ಲಿಸು."

"ಹೋಗಿ ಬರೋದಕ್ಕೆ ನನಗೆ ಕಾಲಿದೆ ಕಣೋ. ಗಾಡಿ ಬೇಕಿರೋದು ಕಲಿಸೋದಕ್ಕೆ. ದೊಡ್ಡದಾಗಿರಬೇಕು, ಕೈಕೊಡಬಾರದು."

"ಅಪ್ಪ, ನೀವೇ ಹೇಳಿ. ನೀವು ಯಾರ ಕಡೆ?"

"ನಾನು ಹಿಂದಿನ ಸೀಟು," ಅಂದರು ಕನ್ನಡಕದವರು. ಮಗ ನಕ್ಕ, ಅವಳೂ ನಕ್ಕಳು. ಪಾತ್ರೆ ತೊಳೆಯುವಾಗ ಮಾತ್ರ ಅವಳು ಸ್ವಲ್ಪ ಜೋರಾಗಿ ಸದ್ದು ಮಾಡಿದಳು.

ಆಮೇಲೆ ಶೋರೂಮುಗಳ ಯಾತ್ರೆ. ಟೈ ಕಟ್ಟಿದ ಹುಡುಗರು ಪರದೆ ತೋರಿಸಿದರು, ಕ್ಯಾಮೆರಾ ತೋರಿಸಿದರು, ಚಾವಣಿಯಲ್ಲಿ ಆಕಾಶ ತೆರೆದು ತೋರಿಸಿದರು. ಅವಳು ಅದೆಲ್ಲ ಮುಗಿಯುವವರೆಗೆ ಕಾದು, "ರೀ, ಹಿಂದೆ ಕೂತ್ಕೊಳ್ಳಿ" ಅನ್ನುವಳು. ಅವರು ಮಡಚದ ಕಾಲನ್ನು ಒಳಗೆ ತೂರಿಸಿ ಕೂರುವರು. ಅವಳು ಬಗ್ಗಿ, ಕಾಲು ಮುಂದಿನ ಸೀಟಿನ ಬೆನ್ನಿಗೆ ತಾಗುತ್ತದೋ ಇಲ್ಲವೋ ನೋಡುವಳು. ತಾಗಿದರೆ, "ಇದು ಡಬ್ಬಿ. ನಡೀರಿ."

"ಮೇಡಂ, ಇದರ ಮೈಲೇಜು..."

"ಮೈಲೇಜು ಆಮೇಲಪ್ಪ. ಮೊದಲು ಮಂಡಿ."

ತನ್ನ ಮಂಡಿ ಊರೂರಿನ ಶೋರೂಮುಗಳಲ್ಲಿ ಪ್ರದರ್ಶನಕ್ಕಿಟ್ಟ ವಸ್ತುವಾಯಿತಲ್ಲ ಎಂದು ಕನ್ನಡಕದವರು ಗೊಣಗಿದರು. "ನಾನು ಮನೇಲಿದ್ರೆ ಆಯ್ತಲ್ಲ. ಪಾಠಕ್ಕೆ ನಾನ್ಯಾಕೆ?"

"ಹಿಂದೆ ಒಬ್ಬರು ಹೆದರದೆ ಕೂತಿದಾರೆ ಅಂತ ಗೊತ್ತಿದ್ರೇನೇ ಹೊಸಬರಿಗೆ ಧೈರ್ಯ ಬರೋದು."

"ನಾನು ಹೆದರಲ್ಲ ಅಂತ ಯಾರು ಹೇಳಿದ್ದು?"

"ಹೆದರ್ತೀರಿ ಅಂತ ಅವರಿಗೆ ಯಾರು ಹೇಳಿದಾರೆ?"

ಗಾಡಿ ಕೈಕೊಡುವುದಿಲ್ಲವೆಂದು ಖಾತ್ರಿಮಾಡಿಕೊಳ್ಳುವ ಅವಳ ಕ್ರಮವೂ ಬೇರೆಯೇ. ಮಾರುವವರನ್ನು ಕೇಳುತ್ತಿರಲಿಲ್ಲ. ಹಿಂಬದಿಯ ವರ್ಕ್‌ಶಾಪಿಗೆ ಹೋಗಿ, ಗಾಡಿಯ ಕೆಳಗೆ ಅಂಗಾತ ಮಲಗಿದ ಮೆಕ್ಯಾನಿಕ್‌ನ ಬೂಟಿನ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, "ಯಾವ ಗಾಡಿಯ ಹೊಟ್ಟೆ ನೀವು ಇನ್ನೂ ನೋಡಿಲ್ಲಪ್ಪಾ?" ಎನ್ನುವಳು. ಎರಡು ಊರಿನ ಎರಡು ಜೊತೆ ಬೂಟುಗಳು ಒಂದೇ ಗಾಡಿಯ ಹೆಸರು ಹೇಳಿದವು. ಅದರ ಹಿಂದಿನ ಸೀಟಿನಲ್ಲಿ ಕಾಲು ಎಲ್ಲಿಗೂ ತಾಗಲಿಲ್ಲ. ಅಲ್ಲಿಗೆ ಆಯ್ಕೆ ಮುಗಿಯಿತು.

ಇನ್ನೊಂದು ಬ್ರೇಕ್ ಕೂರಿಸಿ ಕೊಡಿ ಅಂದಾಗ ಮ್ಯಾನೇಜರ್ ಹೌಹಾರಿದ. "ಹಾಗೆಲ್ಲ ಮಾಡಿದ್ರೆ ಗ್ಯಾರಂಟಿ ಹೋಗತ್ತೆ ಮೇಡಂ."

"ಗ್ಯಾರಂಟಿ ನಿಮ್ಮ ಕಾಗದದಲ್ಲಿರೋದು. ಜೀವ ಉಳಿಸೋದು ನನ್ನ ಕಾಲು. ಕೂರಿಸಿ."

* * *

ಶವದ ವ್ಯಾನಿನ ಚಾಲಕ ಬೇರೆ ಊರಿನವನು. ಮೊದಲ ತಿರುವಿನಲ್ಲೇ ಇಂಡಿಕೇಟರ್ ಹಾಕದೆ ತಿರುಗಿಸಿದ. ಹಿಂದೆ ಸಾಲಾಗಿ ಬರುತ್ತಿದ್ದ ಗಾಡಿಗಳಲ್ಲಿ ಕೂತವರೆಲ್ಲರ ಪಾದ, ಅಲ್ಲಿ ಏನೂ ಇಲ್ಲದಿದ್ದರೂ, ನೆಲವನ್ನು ಒತ್ತಿತು.

"ಅಮ್ಮ ಇದ್ದಿದ್ರೆ ಇವನನ್ನ ಇಲ್ಲೇ ಇಳಿಸಿ ನಡೆಸಿಕೊಂಡು ಹೋಗ್ತಿದ್ರು," ಅಂದಳು ಹಳೆಯ ಸೆಡಾನ್ ಓಡಿಸುತ್ತಿದ್ದ ಬೇಕರಿಯವಳು.

"ಇದ್ದಾರಲ್ಲ, ಅದೇ ಗಾಡೀಲಿ," ಅಂದರು ಕನ್ನಡಕದವರು. ಆ ದಿನ ಅವರಾಡಿದ ಮೊದಲ ಮಾತು ಅದು.

ಮಣ್ಣು ಮುಚ್ಚುವ ಕೆಲಸ ಬೇಗ ಮುಗಿಯಿತು. ಜನ ಗೇಟಿನ ಹತ್ತಿರ ಗುಂಪುಗೂಡಿದರು. ಇಸ್ತ್ರಿ ಅಂಗಡಿಯ ಹೆಂಗಸು ಹಳೆಯ ಸೆಡಾನಿಗೆ ಒರಗಿ ಅಳುತ್ತಿದ್ದಳು. ಅವಳೇ ಕೊನೆಯ ಶಿಷ್ಯೆ. ಐವತ್ತು ದಾಟಿದ ಮೇಲೆ ಕಲಿಯಲು ಬಂದವಳು. ಗಾಡಿ ಮುಂದೆ ಹೋಗುತ್ತಿತ್ತು, ಹಿಂದೆ ಹೋಗು ಅಂದರೆ ಎಲ್ಲಿಗೋ ಹೋಗುತ್ತಿತ್ತು. ಮೊನ್ನೆ ಬ್ರೇಕಮ್ಮ ಕೋನ್‌ಗಳನ್ನಿಟ್ಟು, ಅವುಗಳ ನಡುವೆ ಹಿಂದಕ್ಕೆ ತಂದು ನಿಲ್ಲಿಸು ಅಂದು, ಮೈದಾನದ ಬೆಂಚಿನ ಮೇಲೆ ಕೂತಿದ್ದಳು. ಕಾಲು ಚಾಚಿ ಹಿಂದೆ ಕೂತಿದ್ದ ಕನ್ನಡಕದವರನ್ನೂ ಹೊತ್ತುಕೊಂಡು ಗಾಡಿ ಹಿಂದೆ ಹಿಂದೆ ಸರಿದು, ಒಂದೂ ಕೋನ್ ಬೀಳದಂತೆ ನಿಂತಿತ್ತು. ಇಬ್ಬರೂ ಇಳಿದು ಶಹಬ್ಬಾಸ್ ಅನ್ನಿಸಿಕೊಳ್ಳಲು ಬೆಂಚಿನ ಹತ್ತಿರ ಹೋದರು. ಬ್ರೇಕಮ್ಮ ಕೂತೇ ಇದ್ದಳು, ಕರೆದರೂ ಏಳಲಿಲ್ಲ.

"ಮೊದಲನೇ ಸಲ ಸರಿಯಾಗಿ ನಿಲ್ಲಿಸಿದ್ದೆ ಅಣ್ಣಾ," ಅಂದಳು ಇಸ್ತ್ರಿಯವಳು ಮೂಗು ಒರೆಸಿಕೊಳ್ಳುತ್ತ. "ಅಮ್ಮ ನೋಡಿದ್ರೋ ಇಲ್ವೋ."

"ಒಂದು ಸಲ ಬಂದಿದ್ದು ಬಂದ ಹಾಗಲ್ಲಮ್ಮ. ಇನ್ನೂ ಎರಡು ಸಲ ಬರಬೇಕು."

ಅವಳು ಅಳು ನಿಲ್ಲಿಸಿ ನೋಡಿದಳು. ಮಾತು ಗಂಡನದು, ಧಾಟಿ ಹೆಂಡತಿಯದು.

ಮಗ ಬಂದ. "ಅಪ್ಪ, ನನ್ನ ಗಾಡೀಲಿ ಬನ್ನಿ. ಇದನ್ನ ಇಲ್ಲೇ ಬಿಡೋಣ, ಗುಜರಿಯವನಿಗೆ ಇಲ್ಲಿಂದಲೇ ಒಯ್ಯೋಕೆ ಹೇಳ್ತೀನಿ. ಶೋರೂಮಿಗೂ ಫೋನ್ ಮಾಡ್ತಿದೀನಿ."

"ಮಾಡಬೇಡ."

"ಏನು?"

"ಇವಳ ಪಾಠ ಬಾಕಿ ಇದೆ. ಇವಳ ಹಿಂದೆ ಇನ್ನೂ ಆರು ಜನ ಹೆಸರು ಕೊಟ್ಟು ಕಾಯ್ತಿದಾರೆ."

"ಕಲಿಸೋರು ಯಾರಪ್ಪ? ನೀವಾ? ಗಾಳಿ ಯಂತ್ರ ಎಬ್ಬಿಸಿದೋರು?"

ಬೇಕರಿಯವಳು ಮುಂದೆ ಬಂದಳು. "ಕಲಿಸೋ ಲೈಸೆನ್ಸ್ ನನ್ನ ಹತ್ತಿರ ಇದೆ. ಅಮ್ಮ ಹೋದ ವರ್ಷ ಬಲವಂತವಾಗಿ ಮಾಡಿಸಿದ್ರು. ಬೆಳಗ್ಗೆ ಬ್ರೆಡ್ಡು ಇಳಿಸಿದ ಮೇಲೆ ನಾನೇನು ಹಾಡು ಹೇಳ್ಕೊಂಡು ಕೂತಿರ್ತೀನಾ?"

"ಭಾವ, ಹೆಂಡತಿ ಹೋದ ದಿನ ಇದೆಲ್ಲ ಬೇಕಾ? ಜನ ಏನಂತಾರೆ?" ಅಂದ ಭಾವಮೈದ.

"ಜನಕ್ಕೆ ನಿನ್ನಕ್ಕನೇ ಕಲಿಸಿದ್ದು. ಹಾರ್ನ್ ಸುಮ್ಮನೆ ಬಡೀಬಾರದು ಅಂತ ಅವರಿಗೆ ಗೊತ್ತಿದೆ."

ಮಗನ ದನಿ ಸಣ್ಣದಾಯಿತು. ಸಿಟ್ಟಲ್ಲ, ಫೋಟೊಗಳಲ್ಲಿ ನೋಡಿದ್ದೆಲ್ಲ ಅವನ ಕಣ್ಣ ಮುಂದಿತ್ತು. "ಇಷ್ಟು ದಿನ ಅಮ್ಮನ ಬಗ್ಗೆ ಹೆದರಿಕೊಂಡಿದ್ದೆ. ಇನ್ನು ನಿಮ್ಮ ಬಗ್ಗೆ ಹೆದರಬೇಕಾ? ಹೇಳಿಬಿಡಿ ಅಪ್ಪ. ನೀವು ಯಾರ ಕಡೆ?"

ಕನ್ನಡಕದವರು ಸೆಡಾನನ್ನು ಒಂದು ಸುತ್ತು ಹಾಕಿದರು. ರೂಢಿಯಂತೆ ಹಿಂದಿನ ಬಾಗಿಲಿಗೆ ಕೈಹಾಕಿ, ಕೈ ಹಿಂದಕ್ಕೆ ತೆಗೆದುಕೊಂಡರು. ಮುಂದೆ, ಹೆಂಡತಿ ಕೂರುತ್ತಿದ್ದ ಕಡೆಯ ಬಾಗಿಲು ತೆರೆದು ಕೂತರು. ಯಾರೋ ಒಬ್ಬರು ಹಾ ಅಂದದ್ದು ಕೇಳಿಸಿತು. ಆ ಸೀಟಿನಲ್ಲಿ ಇಂದಿನವರೆಗೆ ಇನ್ನೊಬ್ಬರು ಕೂತದ್ದನ್ನು ಊರು ನೋಡಿರಲಿಲ್ಲ. ಮಡಚದ ಕಾಲನ್ನು ಒಳಗೆ ಎಳೆದುಕೊಂಡಾಗ ಅದು ನೆಟ್ಟಗೆ ಹೋಗಿ, ರಬ್ಬರು ಸವೆದು ತಗ್ಗಾಗಿದ್ದ ಅವಳ ಬ್ರೇಕಿನ ಮೇಲೆ ಕೂತಿತು.

"ಹತ್ತಮ್ಮ," ಅಂದರು ಇಸ್ತ್ರಿಯವಳಿಗೆ.

"ನಾನಾ? ಇವತ್ತಾ?"

"ಅಯ್ಯೋ, ಡ್ರೈವಿಂಗ್ ಬರದೋರೇ ಇಬ್ಬರು ಮುಂದೆ!" ಎಂದು ಭಾವಮೈದ ತಲೆ ಮೇಲೆ ಕೈಹೊತ್ತ.

"ಲೈಸೆನ್ಸು ಹಿಂದೆ ಇದೆ," ಎನ್ನುತ್ತ ಬೇಕರಿಯವಳು ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು.

ಸೆಡಾನ್ ಎರಡು ಸಲ ಕೆಮ್ಮಿ ಹೊರಟಿತು. ಹಿಂದೆ ಉಳಿದ ಗಾಡಿಗಳು, ಎಲ್ಲಕ್ಕಿಂತ ಹಿಂದೆ ಮಗನದು. ರಸ್ತೆ ಮುಗಿಯುವಲ್ಲಿ ಜಂಕ್ಷನ್. ಇಸ್ತ್ರಿಯವಳು ಕೂತ ಕಡೆ ಮನೆ, ಕನ್ನಡಕದವರು ಕೂತ ಕಡೆ ಶೋರೂಮು. ಇಸ್ತ್ರಿಯವಳು ಬಿಳಿ ಗೆರೆಯ ಮೇಲೆ ನಿಲ್ಲಿಸಿ, ಸ್ಟೀರಿಂಗ್ ಬಿಗಿಹಿಡಿದು ಕೇಳಿದಳು:

"ಅಣ್ಣಾ, ಮನೆಗಲ್ವಾ?"

ಕನ್ನಡಕದವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ನನ್ನ ಕಡೆ ಹೊಡಿ."

ಇಂಡಿಕೇಟರ್ ಟಿಕ್ ಟಿಕ್ ಎನ್ನತೊಡಗಿತು. ಕಲಿಸುವವರಿಗಾಗಿ ಬ್ರೇಕಮ್ಮ ಹಾಕಿಸಿದ್ದ ಸಣ್ಣ ಕನ್ನಡಿ ಅವರ ಎದುರಿಗಿತ್ತು. ಅವಳ ಎತ್ತರಕ್ಕೆ ಹೊಂದಿಸಿದ್ದನ್ನು ತುಸು ಮೇಲೆತ್ತಿದರು. ಅದರಲ್ಲಿ ಹಿಂದಿನ ಗಾಡಿ ಅದೇ ಕಡೆಗೆ ದೀಪ ಮಿನುಗಿಸಿತು. ಅದರ ಹಿಂದಿನದು. ಅದರ ಹಿಂದಿನದು. ಕೊನೆಯ ಗಾಡಿ ಸುಮ್ಮನಿತ್ತು. ಅವರು ಕಾದರು. ಸಾಲಿನ ತುದಿಯಲ್ಲಿ ಹಳದಿ ದೀಪವೊಂದು ಹತ್ತಿತು, ಆರಿತು, ಮತ್ತೆ ಹತ್ತಿತು.

ಇಸ್ತ್ರಿಯವಳು ಸ್ಟೀರಿಂಗ್ ತಿರುಗಿಸಿದಳು, ಸ್ವಲ್ಪ ಜಾಸ್ತಿಯೇ. ಕನ್ನಡಕದವರ ಪಾದದ ಕೆಳಗೆ ಬ್ರೇಕ್ ಇತ್ತು. ಒತ್ತಲಿಲ್ಲ.